ಪುಟ್ಟಿಗೆ ಗರಿಕೆ ಮುಲಾಮು ಮಾಡಿದ್ದು

ಪುಟ್ಟಿಗೆ ಎಂಟು ತಿಂಗಳು ತುಂಬುವಾಗ ಆಷಾಢದ ಮಳೆ ಹಿಡಿದಿತ್ತು. ನಾನು ತೀರ್ಥಹಳ್ಳಿ ಹತ್ತಿರದ ಅಮ್ಮನ ಮನೆಯಲ್ಲಿದ್ದೆ. ಮಲೆನಾಡಿನ ಮಳೆಗಾಲದಲ್ಲಿ ಕೂಸು ಸಾಕಿದವರಿಗೆ ಗೊತ್ತಿರುತ್ತದೆ, ಸರಿಯಾಗಿ ಒಣಗಿದ ಒಂದು ಬಟ್ಟೆ ಸಿಕ್ಕರೆ ಅದೇ ಭಾಗ್ಯ. ಅಪ್ಪನ ಹಳೇ ಪಂಚೆ ಹರಿದು ಮಾಡಿದ ಮೂವತ್ತು ತುಂಡು ಬಟ್ಟೆ ಇದ್ದವು. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹರವುತ್ತಿದ್ದೆವು. ಸಂಜೆಗೆ ಅವಕ್ಕೆ ಹೊಗೆ ವಾಸನೆ ಬರುತ್ತಿತ್ತು, ಮುಟ್ಟಿದರೆ ಇನ್ನೂ ಪಸೆ. ಹಾಗಾಗಿ ರಾತ್ರಿಗೆ ಮಾತ್ರ ಅಂತ ಇಟ್ಟುಕೊಂಡಿದ್ದ ಡೈಪರ್ ಹಗಲಿಗೂ ಬಂತು. ಎರಡು ಮೂರು ಗಂಟೆಗೆ ಬದಲಿಸಬೇಕಾದದ್ದು ಐದಾರು ಗಂಟೆಯಾಯಿತು. ಪ್ಯಾಕೆಟ್ ಬೇಗ ಮುಗಿದರೆ ಆ ಮಳೆಯಲ್ಲಿ ಪೇಟೆಗೆ ಹೋಗುವವರು ಯಾರು ಅನ್ನುವ ಲೆಕ್ಕ.

ಅದರ ಮೇಲೆ ಅವಳಿಗೆ ಕೆಮ್ಮು, ಜ್ವರ. ಆಂಟಿಬಯಾಟಿಕ್ ಸಿರಪ್ ಶುರುವಾಯಿತು. ಮೂರನೇ ದಿನಕ್ಕೆ ಭೇದಿ. ದಿನಕ್ಕೆ ಏಳೆಂಟು ಸಲ. ಆ ವಾರದ ಒಂದು ಬೆಳಿಗ್ಗೆ ಡೈಪರ್ ಬಿಚ್ಚಿದಾಗ ನನ್ನ ಕೈ ನಿಂತೇ ಹೋಯಿತು. ಕುಂಡೆ, ತೊಡೆ, ಮುಂದಿನ ಭಾಗ ಎಲ್ಲ ಮುರುಗಲ ಹಣ್ಣಿನ ಹಾಗೆ ಕೆಂಪು. ಬಿಸಿನೀರು ತಾಗಿದ್ದೇ ತಡ, ಮಗು ಉಸಿರು ಕಟ್ಟಿ ಅತ್ತಿತು. ಅವಳು ಅಷ್ಟು ನೋವಿನಿಂದ ಅತ್ತದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮನೆಯಲ್ಲಿ ಮಗುವಿಗೆ ಏನಾದರೂ ಆದರೆ ಎಲ್ಲರೂ ಪ್ರೀತಿಯಿಂದಲೇ ಓಡಿ ಬರುತ್ತಾರೆ, ಅಲ್ವಾ? ಅಮ್ಮ ಪೌಡರ್ ಹಾಕು ಅಂದರು. ಅತ್ತಿಗೆ ಅರಿಶಿನ ಕೊಬ್ಬರಿಎಣ್ಣೆಯಲ್ಲಿ ಕಲಸಿ ತಂದರು. ಪಕ್ಕದ ಮನೆಯವರು ಬೇವಿನ ಎಣ್ಣೆ ಒಳ್ಳೆಯದು ಅಂದರು. ಅಜ್ಜಿ ಮಾತ್ರ ಜಗಲಿಯಲ್ಲಿ ಕೂತಲ್ಲಿಂದಲೇ, "ಗರಿಕೆ ಎಣ್ಣೆ ಕಾಯಿಸಿ ಹಚ್ಚೇ. ನಿಮ್ಮಮ್ಮಂಗೆ, ನಿಂಗೆ ಎಲ್ಲ ಅದೇ ಹಚ್ಚಿದ್ದು" ಅಂದರು. ಗರಿಕೆ ಎಣ್ಣೆ ಕಾಯಿಸಲು ಅರ್ಧ ದಿನ ಬೇಕು. ನನಗೆ ಆಗಲೇ, ಆ ಗಳಿಗೆಯಲ್ಲೇ ಏನಾದರೂ ಆಗಬೇಕಿತ್ತು. ಮೊದಲು ಪೌಡರ್ ಹಾಕಿದೆ. ಮಧ್ಯಾಹ್ನ ಅರಿಶಿನ ಹಚ್ಚಿದೆ. ಸಂಜೆ ನಮ್ಮವರು ಪೇಟೆಯ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದರು. ಅಂಗಡಿಯವರು, "ಮಕ್ಕಳ ರ‍್ಯಾಷಿಗೆ ಎಲ್ಲರೂ ಇದನ್ನೇ ಒಯ್ಯುತ್ತಾರೆ" ಅಂದಿದ್ದರಂತೆ.

ಟ್ಯೂಬ್ ಹಚ್ಚಿ ಎರಡೇ ದಿನಕ್ಕೆ ಕೆಂಪು ಇಳಿಯಿತು. ನನಗೆ ಎಷ್ಟು ಸಮಾಧಾನ! ಆದರೆ ನಾಲ್ಕನೇ ದಿನ ಅದು ವಾಪಸ್ ಬಂತು. ಈ ಸಲ ತೊಡೆಸಂದಿಯ ಮಡಿಕೆಯೊಳಗೂ ಇಳಿದಿತ್ತು. ಸುತ್ತ ಸಾಸಿವೆ ಕಾಳಿನಷ್ಟು ಸಣ್ಣ ಕೆಂಪು ಗುಳ್ಳೆಗಳು ಚೆಲ್ಲಿಕೊಂಡಿದ್ದವು. ಮಾರನೇ ದಿನ ಮಳೆಯಲ್ಲೇ ಶಿವಮೊಗ್ಗಕ್ಕೆ ಹೊರಟೆವು. ಸುಮಾರು 60 ಕಿಲೋಮೀಟರ್ ದಾರಿ. ಮಂಡಗದ್ದೆ ದಾಟಿ ಸಕ್ರೆಬೈಲು ಬರುವವರೆಗೂ ಮಗು ಮಡಿಲಲ್ಲಿ ಕೂರಲೂ ಆಗದೆ ಅಳುತ್ತಲೇ ಇತ್ತು. ನನ್ನ ಭುಜದ ಮೇಲೆ ಮಲಗಿಸಿಕೊಂಡೇ ಹೋದೆ.

ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು. ಬೈಯ್ಯಲಿಲ್ಲ. ಮೊದಲು ಬಟ್ಟೆ ಬಿಚ್ಚಿಸಿ, ಕಿಟಕಿಯ ಬೆಳಕಿಗೆ ಮಗುವನ್ನು ತಿರುಗಿಸಿ, ಎರಡು ಬೆರಳಿನಿಂದ ತೊಡೆಯ ಮಡಿಕೆಯನ್ನು ಬಿಡಿಸಿ ನೋಡಿದರು. ನನ್ನನ್ನೂ ಹತ್ತಿರ ಕರೆದು ತೋರಿಸಿದರು. "ನೋಡಮ್ಮ, ಬರೀ ಒದ್ದೆಯಿಂದ ಆದ ರ‍್ಯಾಷ್ ಆಗಿದ್ದರೆ ಡೈಪರ್ ತಾಗುವ ಉಬ್ಬಿದ ಜಾಗದಲ್ಲಿ ಮಾತ್ರ ಕೆಂಪಾಗುತ್ತದೆ. ಮಡಿಕೆಯ ಒಳಗೆ ಡೈಪರ್ ಉಜ್ಜುವುದಿಲ್ಲ, ಅಲ್ಲಿ ಚರ್ಮ ಚೆನ್ನಾಗಿಯೇ ಇರುತ್ತದೆ. ಇಲ್ಲಿ ಮಡಿಕೆಯೊಳಗೇ ಜಾಸ್ತಿ. ಸುತ್ತ ಮರಿ ಗುಳ್ಳೆಗಳೂ ಇವೆ. ಇದು ಫಂಗಸ್. ಕ್ಯಾಂಡಿಡಾ ಅಂತಾರೆ. ಆಂಟಿಬಯಾಟಿಕ್ ಕೊಟ್ಟ ಮೇಲೆ ಮಕ್ಕಳಿಗೆ ಹೀಗಾಗೋದು ಉಂಟು."

ಎಲ್ಲ ತಾಯಂದಿರಿಗೂ ಇದನ್ನು ಒಮ್ಮೆ ತೋರಿಸಿಕೊಡಬೇಕು ಅಂತ ನನಗೆ ಅವತ್ತೇ ಅನ್ನಿಸಿತು. ಉಬ್ಬಿನಲ್ಲಿ ಕೆಂಪೋ, ಸಂದಿಯಲ್ಲಿ ಕೆಂಪೋ? ಅಷ್ಟು ನೋಡಿದ್ದರೆ ನಾನು ಒಂದು ವಾರ ಹಾಳು ಮಾಡುತ್ತಿರಲಿಲ್ಲ. ಫಂಗಸ್ ಬಂದ ಮೇಲೆ ಅದಕ್ಕೆ ಅದರದ್ದೇ ಔಷಧಿ ಬೇಕು. ಅವರು ಬರೆದುಕೊಟ್ಟದ್ದು ಕ್ಲೋಟ್ರಿಮಜೋಲ್ ಇರುವ ಕ್ರೀಮ್, ದಿನಕ್ಕೆ ಎರಡು ಸಲ. ಕೆಂಪು ಹೋದ ಮೇಲೂ ಕೆಲವು ದಿನ ಹಚ್ಚಬೇಕು, ನಡುವೆ ಬಿಡಬಾರದು ಅಂದರು.

ಆಮೇಲೆ ನಾನು ಚೀಲದಲ್ಲಿ ತಂದಿದ್ದ ಟ್ಯೂಬ್ ತೋರಿಸಿದೆ. ಕನ್ನಡಕ ಏರಿಸಿ ಓದಿದರು. ಅದರಲ್ಲಿ ಫಂಗಸ್ ಔಷಧಿಯೂ ಇತ್ತು, ಆಂಟಿಬಯಾಟಿಕ್ಕೂ ಇತ್ತು, ಜೊತೆಗೆ ಕ್ಲೋಬೆಟಾಸಾಲ್ ಅನ್ನುವ ಸ್ಟೀರಾಯ್ಡ್ ಇತ್ತು. ಹಚ್ಚುವ ಸ್ಟೀರಾಯ್ಡುಗಳಲ್ಲೇ ಬಹಳ ಜೋರಿನದು ಅದು. ಮಗುವಿನ ಚರ್ಮ ತೆಳು, ಮೇಲೆ ಡೈಪರ್ ಬಿಗಿಯಾಗಿ ಮುಚ್ಚಿರುತ್ತದೆ. ಔಷಧಿ ಮೈಯೊಳಗೆ ಇಳಿಯುವುದು ಜಾಸ್ತಿ. ಕೆಂಪನ್ನು ಬೇಗ ಅಡಗಿಸುತ್ತದೆ, ಒಳಗೆ ಫಂಗಸ್ ಬೆಳೆಯಲು ಬಿಡುತ್ತದೆ. ತುಂಬ ದಿನ ಹಚ್ಚಿದರೆ ಚರ್ಮ ಸವೆಯುತ್ತದೆ, ಮಗುವಿನ ಬೆಳವಣಿಗೆಗೂ ತೊಂದರೆ. ಅವರು ಹೇಳುತ್ತಿದ್ದಾಗ ನನ್ನ ಕಣ್ಣಲ್ಲಿ ನೀರು ಬಂತು. ಆ ಟ್ಯೂಬಿನ ಮೇಲೆ ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಅಂತ ಬರೆದಿತ್ತು. ನಾವು ಯಾರೂ ಓದಿರಲಿಲ್ಲ.

ಎಣ್ಣೆ, ಮುಲಾಮು ಏನಾದರೂ ಹಚ್ಚಬಹುದಾ ಅಂತ ಕೇಳಿದೆ. ಅವರ ಉತ್ತರ ನನ್ನ ತಲೆಯಲ್ಲಿ ಹಾಗೇ ಕೂತಿದೆ. "ಮುಲಾಮು ಬೇಲಿ ಕಣಮ್ಮ. ತೋಟಕ್ಕೆ ಬೇಲಿ ಹಾಕಿದರೆ ದನ ಬರಲ್ಲ. ಆದರೆ ದನ ಒಳಗಿರುವಾಗ ಬೇಲಿ ಕಟ್ಟಿದರೆ ಏನು ಬಂತು? ಮೊದಲು ಇದು ವಾಸಿಯಾಗಲಿ."

ಬೇಲಿ ಯಾವುದಕ್ಕೆ ಅಂತಲೂ ಬಿಡಿಸಿ ಹೇಳಿದರು. ನಾನು ಮೂತ್ರದಿಂದ ಸುಡುತ್ತದೆ ಅಂತ ತಿಳಿದಿದ್ದೆ. ಬರೀ ಮೂತ್ರ ಅಷ್ಟು ಕೆಡಿಸುವುದಿಲ್ಲವಂತೆ. ಮಲವೂ ಸೇರಿದಾಗ ಮೂತ್ರದ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ನಮ್ಮ ಚರ್ಮಕ್ಕೆ ಸಹಜವಾಗಿ ಒಂದು ಸಣ್ಣ ಹುಳಿಗುಣ ಇದೆ, ಅದೇ ಅದರ ಕಾವಲು. ಅಮೋನಿಯಾ ಆ ಹುಳಿಯನ್ನು ಕಳೆಯುತ್ತದೆ. ಆಗ ಮಲದಲ್ಲಿ ಉಳಿದಿರುವ ಜೀರ್ಣರಸಗಳು ಚುರುಕಾಗುತ್ತವೆ. ಹೊಟ್ಟೆಯಲ್ಲಿ ಅನ್ನ ಕರಗಿಸಬೇಕಾದ ರಸ ಹೊರಗೆ ಚರ್ಮವನ್ನು ತಿನ್ನುತ್ತದೆ. ಭೇದಿಯಾದಾಗ ಆ ರಸ ಇನ್ನೂ ಜಾಸ್ತಿ ಹೊರಬರುತ್ತದೆ. ಅದಕ್ಕೇ ಭೇದಿ ಶುರುವಾದ ದಿನವೇ ಕುಂಡೆ ಕೆಂಪಾಗುವುದು. ಸೋಪು ಕೂಡ ಹುಳಿ ಕಳೆಯುವ ಜಾತಿಯದೇ. ನಾನು ಪ್ರತಿ ಸಲ ಸೋಪು ಹಚ್ಚಿ ತೊಳೆದು, ಚೊಕ್ಕ ಮಾಡಿದೆ ಅಂದುಕೊಳ್ಳುತ್ತಿದ್ದೆ.

ಊರಿಗೆ ವಾಪಸ್ ಬಂದು ಅವರು ಹೇಳಿದ ಹಾಗೆ ಮಾಡಿದೆವು. ಸೋಪು ನಿಲ್ಲಿಸಿದೆ, ವಾಸನೆಯ ವೈಪ್ಸ್ ನಿಲ್ಲಿಸಿದೆ. ಉಗುರುಬೆಚ್ಚನೆ ನೀರು ಸುರಿದು ತೊಳೆಯುವುದು, ಉಜ್ಜದೆ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸುವುದು. ದಿನಕ್ಕೆ ಮೂರು ನಾಲ್ಕು ಸಲ ಅರ್ಧರ್ಧ ಗಂಟೆ ಏನೂ ತೊಡಿಸದೆ ಚಾಪೆಯ ಮೇಲೆ ಬಿಡುವುದು. ಅಪ್ಪ ಒಲೆಯ ಹತ್ತಿರ, ಆದರೆ ಕಾವು ತಾಗದಷ್ಟು ದೂರದಲ್ಲಿ ಚಾಪೆ ಹಾಸಿ ಪಕ್ಕದಲ್ಲೇ ಕೂತು ಕಾಯುತ್ತಿದ್ದರು. ಎಷ್ಟು ಸಲ ಅವರ ಪಂಚೆ ಒದ್ದೆಯಾಯಿತೋ! ಐದನೇ ದಿನಕ್ಕೆ ಬಣ್ಣ ಇಳಿಯಿತು. ಹನ್ನೆರಡನೇ ದಿನ ತೊಡೆಸಂದಿ ಬಿಡಿಸಿ ನೋಡಿದರೆ ಮೊದಲಿನ ಹಾಗೆ ತಿಳಿಯಾಗಿತ್ತು.

ಅದಾದ ಮೇಲೆಯೇ ನಾನು ಅಜ್ಜಿಯ ಮುಂದೆ ಕೂತು ಗರಿಕೆ ಎಣ್ಣೆ ಹೇಗೆ ಅಂತ ಕೇಳಿದ್ದು.

ಗರಿಕೆ ಎಲ್ಲಿಂದ ತರುವುದು ಅನ್ನುವುದೇ ಮೊದಲ ಪಾಠ. ನಾನು ಬುಟ್ಟಿ ಹಿಡಿದು ಅಡಿಕೆ ತೋಟಕ್ಕೆ ಹೊರಟಿದ್ದೆ, ಅಲ್ಲಿ ಹುಲ್ಲು ಸೊಂಪಾಗಿತ್ತು. ಅಜ್ಜಿ ಕೂಗಿ ನಿಲ್ಲಿಸಿದರು. "ತೋಟದ್ದು ಬೇಡ ಮಗಾ, ಔಷಧಿ ಹೊಡ್ದಿದಾರೆ." ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ನಮ್ಮ ಕಡೆ ಎಲ್ಲ ತೋಟದಲ್ಲೂ ಇದ್ದದ್ದೇ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಡಿಕೆ ಗೊನೆಗೆ ಹೊಡೆದದ್ದು ಕೆಳಗಿನ ಹುಲ್ಲಿನ ಮೇಲೂ ಬೀಳುತ್ತದೆ. ಓದು ಬರಹ ಕಡಿಮೆ ಇರುವ ನಮ್ಮಜ್ಜಿಗೆ ಇದು ಹೊಳೆಯಿತು, ನನಗೆ ಹೊಳೆಯಲಿಲ್ಲ. ಕೊನೆಗೆ ಮನೆಯ ಹಿಂದಿನ ಬಾವಿಕಟ್ಟೆಯ ಹತ್ತಿರದ ಗರಿಕೆ ಕೊಯ್ದೆ. ಪಟ್ಟಣದಲ್ಲಿ ಇರುವವರು ರಸ್ತೆ ಬದಿಯದ್ದು, ನಾಯಿ ಓಡಾಡುವ ಪಾರ್ಕಿನದ್ದು ತರಬೇಡಿ. ಕುಂಡದಲ್ಲಿ ಒಂದು ಹಿಡಿ ಬೇರು ನೆಟ್ಟರೆ ಒಂದೆರಡು ತಿಂಗಳಲ್ಲಿ ಹಬ್ಬುತ್ತದೆ. ನಾನು ಬೆಂಗಳೂರಿನ ಮನೆಯಲ್ಲಿ ಈಗ ಹಾಗೇ ಬೆಳೆಸಿದ್ದೇನೆ.

ಅಜ್ಜಿಯ ಅಳತೆ ಒಂದು ಲೋಟ ಎಣ್ಣೆಗೆ ನಾಲ್ಕು ಲೋಟ ಗರಿಕೆ ರಸ. ಆಯುರ್ವೇದದಲ್ಲಿ ತೈಲ ಮಾಡುವವರ ಸಾಮಾನ್ಯ ಲೆಕ್ಕವೂ ಇದೇ ಅಂತ ಆಮೇಲೆ ತಿಳಿಯಿತು: ಅರೆದ ಗಿಡ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಹದಿನಾರು ಪಾಲು. ನಾನು ತೆಗೆದುಕೊಂಡದ್ದು ಗಾಣದ ಕೊಬ್ಬರಿ ಎಣ್ಣೆ 200 ಮಿ.ಲೀ. ಗರಿಕೆಯ ಬೇರು ತೆಗೆದು ನಾಲ್ಕು ನೀರಿನಲ್ಲಿ ತೊಳೆದೆ. ಸಣ್ಣಗೆ ಕತ್ತರಿಸಿ, ಸ್ವಲ್ಪ ಸ್ವಲ್ಪ ನೀರು ಹಾಕಿ ಮಿಕ್ಸಿಯಲ್ಲಿ ಅರೆದು, ಬಟ್ಟೆಯಲ್ಲಿ ಹಿಂಡಿದೆ. ಕತ್ತರಿಸದೆ ಹಾಕಿದರೆ ನಾರು ಮಿಕ್ಸಿ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. 800 ಮಿ.ಲೀ. ರಸಕ್ಕೆ ದೊಡ್ಡ ಬುಟ್ಟಿ ಗರಿಕೆ ಬೇಕಾಯಿತು. ಹಿಂಡಿದ ಚರಟದಿಂದ ಒಂದು ಹಿಡಿ ಇನ್ನೂ ನುಣ್ಣಗೆ ಅರೆದು ಅದನ್ನೂ ಎಣ್ಣೆಗೆ ಹಾಕಿದೆ.

ದಪ್ಪ ತಳದ ಪಾತ್ರೆ, ಸಣ್ಣ ಉರಿ. ಮೊದಲ ಒಂದು ಗಂಟೆ ಹಸಿರು ನೀರು ಕುದಿಯುತ್ತದೆ, ಎಣ್ಣೆ ಎಲ್ಲಿದೆ ಅಂತಲೇ ಕಾಣದು. ಮನೆಯೆಲ್ಲ ಕೊಯ್ದ ಹುಲ್ಲಿನ ವಾಸನೆ. ಆಮೇಲೆ ನೀರು ಇಂಗುತ್ತಾ ಬಂದು ಪಾತ್ರೆಯ ತಳದಲ್ಲಿ ಚಟಪಟ ಶುರುವಾಗುತ್ತದೆ. ಅಲ್ಲಿಂದ ಕೈಬಿಡದೆ ಕೆದಕುತ್ತಿರಬೇಕು, ಇಲ್ಲದಿದ್ದರೆ ತಳ ಹಿಡಿದು ಎಣ್ಣೆ ಕಮಟುತ್ತದೆ. ಎರಡೂವರೆ ಗಂಟೆಯ ಹೊತ್ತಿಗೆ ಸದ್ದು ಕಡಿಮೆಯಾಯಿತು, ಮೇಲೆ ನೊರೆ ಎದ್ದಿತು. ನಾನು ಆಯ್ತು ಅಂದೆ. ಅಜ್ಜಿ ಒಪ್ಪಲಿಲ್ಲ. ತಳದ ಚರಟವನ್ನು ಒಂದಿಷ್ಟು ತೆಗೆಸಿ, ಬೆರಳಲ್ಲಿ ಹೊಸೆದು ಬತ್ತಿ ಮಾಡಿ, ಒಲೆಯ ಕೆಂಡಕ್ಕೆ ಹಿಡಿದರು. ಚಿಟಚಿಟ ಅಂದಿತು. "ನೀರಿದೆ ಇನ್ನೂ." ಹತ್ತು ನಿಮಿಷ ಬಿಟ್ಟು ಮತ್ತೆ ಹಿಡಿದರು. ಈ ಸಲ ಸದ್ದಿಲ್ಲದೆ ಉರಿಯಿತು. ಆಗ ಇಳಿಸಿ ಸೋಸಿದೆವು. ತಿಳಿ ಹಸಿರು ಎಣ್ಣೆ, ಗಾಜಿನ ಬಾಟಲಿಯಲ್ಲಿ ಎಷ್ಟು ಚೆಂದ ಕಾಣುತ್ತಿತ್ತು!

ಆ ಬತ್ತಿ ಪರೀಕ್ಷೆಯ ಬೆಲೆ ನನಗೆ ಗೊತ್ತಾದದ್ದು ಅದರ ಮುಂದಿನ ವಾರ. ನಾನು ಹುಮ್ಮಸ್ಸಿನಲ್ಲಿ, ಲೋಳೆಸರ ತಂಪು ಅಂತ, ಅದರ ತಿರುಳನ್ನು ಅರೆದು ಸ್ವಲ್ಪ ಎಣ್ಣೆಗೆ ಕರಗಿಸಿದ ಜೇನುಮೇಣದ ಜೊತೆ ಕಲಸಿ ಒಂದು ಡಬ್ಬಿ ಮಾಡಿಟ್ಟೆ. ಬೆಣ್ಣೆಯ ಹಾಗೆ ಬಂದಿತ್ತು. ಎಂಟನೇ ದಿನ ಮುಚ್ಚಳ ತೆಗೆದರೆ ಅಂಚಿನಲ್ಲಿ ಬೂದು ಬೂಷ್ಟು. ನೀರು ಇರುವಲ್ಲಿ ಬೂಷ್ಟು ಬಂದೇ ಬರುತ್ತದೆ. ಅಂಗಡಿಯ ಕ್ರೀಮುಗಳಲ್ಲಿ ಕೆಡದಂತೆ ಇಡುವ ವಸ್ತು ಹಾಕಿರುತ್ತಾರೆ, ಮನೆಯದರಲ್ಲಿ ಅದಿಲ್ಲ. ನಾನು ನೋಡದೆ ಅದನ್ನೇ ಹಚ್ಚಿದ್ದರೆ ವಾಸಿಯಾದ ಚರ್ಮಕ್ಕೆ ನಾನೇ ಮತ್ತೆ ಫಂಗಸ್ ಬಳಿದಂತಾಗುತ್ತಿತ್ತು. ಪೂರ್ತಿ ಡಬ್ಬಿ ಬಿಸಾಡಿದೆ. ಲೋಳೆಸರ ಬಳಸಲೇಬೇಕು ಅನ್ನುವವರು ಆಗಿಂದಾಗ ಕೊಯ್ದು, ಎಲೆಯನ್ನು ನಿಲ್ಲಿಸಿ ಸಿಪ್ಪೆಯಿಂದ ಇಳಿಯುವ ಹಳದಿ ರಸ ಪೂರ್ತಿ ಸೋರಿಹೋಗಲು ಬಿಟ್ಟು, ಒಳಗಿನ ತಿಳಿ ತಿರುಳು ಮಾತ್ರ ತೆಗೆಯಬೇಕು. ಆ ಹಳದಿ ರಸ ಚರ್ಮಕ್ಕೆ ಉರಿ.

ಇನ್ನು ಮೇಣ. ಬರೀ ಎಣ್ಣೆ ಹಚ್ಚಿದರೆ ಡೈಪರ್ ಹೀರಿಕೊಳ್ಳುತ್ತದೆ, ಚರ್ಮದ ಮೇಲೆ ನಿಲ್ಲುವುದಿಲ್ಲ. ನಿಲ್ಲಿಸುವುದು ಮೇಣ. ನಮ್ಮ ಊರಿನಲ್ಲಿ ತುಡುವೆ ಜೇನು ಪೆಟ್ಟಿಗೆ ಇಟ್ಟವರ ಮನೆಯಿಂದ ಹಳೇ ಎರಿಯ ಮೇಣ ತಂದೆ. ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ತಣಿದ ಮೇಲೆ ಬಿಲ್ಲೆ ತೆಗೆದು ಒಣಗಿಸಿದೆ. ಎರಡು ಸಲ ಹೀಗೆ ಮಾಡಿದ ಮೇಲೆ ಕಸ ಹೋಗಿ ಅರಿಶಿನ ಬಣ್ಣದ ಶುದ್ಧ ಮೇಣ ಸಿಕ್ಕಿತು. ಅಂಗಡಿಯಲ್ಲಿ ಕೊಳ್ಳುವುದಾದರೆ ಮೇಣದಬತ್ತಿಯ ಮೇಣ ಬೆರೆಸದ ಜೇನುಮೇಣ ಅಂತ ಕೇಳಿ ನೋಡಿ ಕೊಳ್ಳಿ.

ಮೇಣವನ್ನು ನೇರ ಉರಿಯ ಮೇಲೆ ಇಡಬಾರದು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಸಣ್ಣ ಪಾತ್ರೆ ಇಟ್ಟು ಕರಗಿಸಬೇಕು. ಸುಮಾರು 62ರಿಂದ 64 ಡಿಗ್ರಿಗೆ ಅದು ಕರಗುತ್ತದೆ, ನೀರಿನ ಬಿಸಿಯೇ ಸಾಕು. ನಾನು 100 ಮಿ.ಲೀ. ಗರಿಕೆ ಎಣ್ಣೆಗೆ 15 ಗ್ರಾಂ ಮೇಣ ಹಾಕಿದೆ. ಒಂದು ಹನಿ ತಣ್ಣನೆ ತಟ್ಟೆಗೆ ಬಿಟ್ಟು ಎರಡು ನಿಮಿಷ ಕಾದು ಬೆರಳಿಂದ ಒತ್ತಿ ನೋಡಿದರೆ ಹದ ತಿಳಿಯುತ್ತದೆ. ತೀರ್ಥಹಳ್ಳಿಯ ಮಳೆಗಾಲದಲ್ಲಿ ಅದು ಸರಿಯಾಗಿತ್ತು. ಕೊಬ್ಬರಿಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ತಾನೇ ಗಟ್ಟಿಯಾಗುತ್ತದೆ. ಅದೇ ಡಬ್ಬಿ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನೀರಾಯಿತು. ಈಗ ಬೇಸಿಗೆಗೆ 20 ಗ್ರಾಂ ಹಾಕುತ್ತೇನೆ. ಬಳ್ಳಾರಿ, ರಾಯಚೂರಿನ ಕಡೆಯವರಿಗೆ ಇನ್ನೂ ಎರಡು ಮೂರು ಗ್ರಾಂ ಜಾಸ್ತಿ ಬೇಕಾಗಬಹುದು. ಡಬ್ಬಿಗಳನ್ನು ಕುದಿಸಿ, ಬಿಸಿಲಿಗೆ ಅಥವಾ ಒಲೆಯ ಕಾವಿಗೆ ಪೂರ್ತಿ ಒಣಗಿಸಿಯೇ ತುಂಬುತ್ತೇನೆ. ಮುಚ್ಚಳದ ಮೇಲೆ ತಾರೀಕು ಬರೆದ ಚೀಟಿ. ಸಣ್ಣ ಸಣ್ಣ ಡಬ್ಬಿ, ಒಂದನ್ನು ಮುಗಿಸಿಯೇ ಇನ್ನೊಂದು. ಮಲ ಮುಟ್ಟಿದ ಬೆರಳು ಡಬ್ಬಿಯೊಳಗೆ ಹೋಗಲೇಬಾರದು. ಸಣ್ಣ ಮರದ ಚಮಚ ಇಟ್ಟಿದ್ದೇನೆ.

ಮೊದಲ ಸಲ ಪುಟ್ಟಿಗೆ ಹಚ್ಚುವ ಮುಂಚೆ ಅವಳ ತೋಳಿನ ಒಳಭಾಗಕ್ಕೆ ಕಡಲೆಕಾಳಿನಷ್ಟು ಸವರಿ ಎರಡು ದಿನ ನೋಡಿದೆ. ಏನೂ ಆಗಲಿಲ್ಲ. ಆಮೇಲೆಯೂ ಡಾಕ್ಟರಿಗೆ ಫೋನ್ ಮಾಡಿ ಏನೇನು ಹಾಕಿದ್ದೇನೆ ಅಂತ ಹೇಳಿದೆ. ಅವರು ಸುಗಂಧದ ಎಣ್ಣೆ ಏನಾದರೂ ಸೇರಿಸಿದ್ದೀರಾ ಅಂತ ಕೇಳಿದರು. ಇಲ್ಲ ಅಂದಾಗ, "ಸರಿ, ಹಚ್ಚಿ. ಚರ್ಮ ಪೂರ್ತಿ ಒಣಗಿದ ಮೇಲೆ ಹಚ್ಚಬೇಕು, ಒದ್ದೆ ಮೇಲೆ ಹಚ್ಚಿದರೆ ಒದ್ದೆಯನ್ನೇ ಒಳಗೆ ಕೂಡಿಹಾಕಿದ ಹಾಗೆ. ಹಚ್ಚುವಾಗ ದಪ್ಪ ಹಚ್ಚಿ, ಗೋಡೆಗೆ ಸುಣ್ಣ ಬಳಿಯುವ ಹಾಗೆ. ಮುಂದಿನ ಸಲ ತೊಳೆಯುವಾಗ ಅದನ್ನು ಕೆರೆದು ತೆಗೆಯಬೇಡಿ, ಮೇಲಿನ ಕೊಳೆ ಮಾತ್ರ ಒರೆಸಿ ಮತ್ತೆ ಹಚ್ಚಿ" ಅಂದರು. ಭೇದಿ ಆದ ದಿನ ಮಾತ್ರ ಜಿಂಕ್ ಆಕ್ಸೈಡ್ ಇರುವ ಕ್ರೀಮೇ ಹಚ್ಚಬೇಕು, ಆ ದಿನ ಗಟ್ಟಿ ಬೇಲಿ ಬೇಕು ಅಂತಲೂ ಹೇಳಿದರು. ಅದನ್ನೂ ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಗರಿಕೆ ಮುಲಾಮಿನ ಮೇಲಿನ ಪ್ರೀತಿಗಾಗಿ ಮಗುವಿನ ಕುಂಡೆಯನ್ನು ಪರೀಕ್ಷೆಗೆ ಒಡ್ಡಲು ನನಗೆ ಮನಸ್ಸಿಲ್ಲ.

ಗರಿಕೆ ಎಷ್ಟು ಕೆಲಸ ಮಾಡಿತು, ಎಣ್ಣೆ ಮೇಣ ಎಷ್ಟು ಮಾಡಿತು, ಬಟ್ಟೆಯಿಲ್ಲದೆ ಆಡಲು ಬಿಟ್ಟದ್ದು ಎಷ್ಟು ಮಾಡಿತು ಅಂತ ಬೇರೆ ಬೇರೆ ತೂಗಿ ಹೇಳಲಾರೆ. ನನ್ನ ಮನಸ್ಸಿಗೆ ಕಂಡದ್ದು ಹೇಳಬೇಕೆಂದರೆ, ಗಾಳಿಗೆ ಬಿಟ್ಟದ್ದೇ ದೊಡ್ಡ ಪಾಲು. ಆಮೇಲೆ ಮೇಣ, ಎಣ್ಣೆ. ಆಮೇಲೆ ಗರಿಕೆ. ಆದರೂ ಗರಿಕೆ ಬಿಡಲು ಮನಸ್ಸು ಬರುವುದಿಲ್ಲ. ನಾಲ್ಕು ತಲೆಮಾರಿನ ಕೂಸುಗಳಿಗೆ ಹಚ್ಚಿದ ಎಣ್ಣೆ ಅದು.

ಬೇರೆ ಗಿಡಗಳ ಬಗ್ಗೆಯೂ ಓದಿದೆ. ಬೆಂಗಳೂರಿನ ಗೆಳತಿ ಕ್ಯಾಲೆಂಡುಲಾ ಮುಲಾಮು ಕಳಿಸಿದ್ದಳು. ನಾನು ಅದು ನಮ್ಮ ಚೆಂಡುಹೂವೇ ಅಂದುಕೊಂಡು, ದೀಪಾವಳಿಯ ಹೂವು ಎಣ್ಣೆಗೆ ಹಾಕಲು ಹೊರಟಿದ್ದೆ. ಅಲ್ಲ. ಎರಡೂ ಒಂದೇ ದೊಡ್ಡ ಕುಟುಂಬದ ಹೂಗಳು, ನೋಡಲು ಹೋಲುತ್ತವೆ, ಆದರೆ ಗಿಡ ಬೇರೆ, ಗುಣ ಬೇರೆ. ಇರಾನಿನಲ್ಲಿ 66 ಮಕ್ಕಳ ಮೇಲೆ ಮಾಡಿದ ಒಂದು ಪರೀಕ್ಷೆ 2012ರಲ್ಲಿ ಪ್ರಕಟವಾಗಿದೆ. ಕೆಲವರಿಗೆ ಲೋಳೆಸರದ ಕ್ರೀಮು, ಕೆಲವರಿಗೆ ಕ್ಯಾಲೆಂಡುಲಾ ಮುಲಾಮು, ದಿನಕ್ಕೆ ಮೂರು ಸಲ, ಹತ್ತು ದಿನ. ಎರಡೂ ಗುಂಪಿನಲ್ಲಿ ಕಡಿಮೆಯಾಯಿತು, ಕ್ಯಾಲೆಂಡುಲಾ ಹಚ್ಚಿದವರಲ್ಲಿ ಇನ್ನಷ್ಟು ಕಡಿಮೆ. ಏನೂ ಹಚ್ಚದ ಗುಂಪು ಅದರಲ್ಲಿ ಇರಲಿಲ್ಲ, ಹಾಗಾಗಿ ತಾನಾಗೇ ವಾಸಿಯಾದದ್ದು ಎಷ್ಟು ಅಂತ ಅದು ಹೇಳುವುದಿಲ್ಲ. 2005ರ ಇನ್ನೊಂದರಲ್ಲಿ ಜೇನುತುಪ್ಪ, ಆಲಿವ್ ಎಣ್ಣೆ, ಜೇನುಮೇಣ ಸೇರಿಸಿ ಹಚ್ಚಿದ್ದರು, ಒಳ್ಳೆಯದೇ ಆಗಿತ್ತು, ಆದರೆ ಮಕ್ಕಳು ಹನ್ನೆರಡೇ. ನಾನು ಜೇನುತುಪ್ಪ ಹಾಕಲಿಲ್ಲ. ಒಂದು ವರ್ಷದೊಳಗಿನ ಮಗುವಿನ ಬಾಯಿಗೆ ಜೇನುತುಪ್ಪ ಹೋಗಬಾರದು, ಬಾಟ್ಯುಲಿಸಂ ಅನ್ನುವ ಕಾಯಿಲೆಯ ಭಯ ಇದೆ. ಈ ವಯಸ್ಸಿನ ಮಕ್ಕಳ ಕೈ ಎಲ್ಲೆಲ್ಲಿ ಹೋಗಿ ಬಾಯಿಗೆ ಬರುತ್ತದೆ ಅಂತ ತಾಯಂದಿರಿಗೆ ಹೇಳಬೇಕಾ?

ಅದೇ ಕಾರಣಕ್ಕೆ ಬೇವಿನ ಎಣ್ಣೆಯೂ ಬೇಡ ಅಂದೆ. ಅದು ಹೊಟ್ಟೆಗೆ ಹೋಗಿ ಕೂಸುಗಳು ಫಿಟ್ಸ್ ಬಂದು ಆಸ್ಪತ್ರೆ ಸೇರಿದ್ದು ನಮ್ಮ ದೇಶದಲ್ಲೇ ಇದೆ. ಕರ್ಪೂರ ಹಾಕಿದ ಕೊಬ್ಬರಿಎಣ್ಣೆ ನಮ್ಮ ಎಲ್ಲ ಮನೆಗಳಲ್ಲೂ ಶೀತಕ್ಕೆ ಹಚ್ಚುತ್ತೇವೆ. ಕರ್ಪೂರ ಚರ್ಮದಿಂದಲೂ ಒಳಗೆ ಇಳಿಯುತ್ತದೆ, ಸಣ್ಣ ಮಕ್ಕಳಿಗೆ ಅದರಿಂದಲೂ ಫಿಟ್ಸ್ ಬರಬಹುದು. ಅಮ್ಮ ಇದನ್ನು ಕೇಳಿ ತುಂಬ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, "ನಿಂಗೆ ನಾನು ಬೋರಿಕ್ ಪೌಡರ್ ಹಾಕ್ತಿದ್ದೆ ಕಣೇ" ಅಂದರು. ಕೇರಂ ಬೋರ್ಡಿಗೆ ಹಾಕುವ ಅದೇ ಪೌಡರ್. ಒಂದು ಕಾಲಕ್ಕೆ ಮಕ್ಕಳ ಕುಂಡೆಗೆ ಅದನ್ನೇ ಹಾಕುತ್ತಿದ್ದರು. ಒಡೆದ ಚರ್ಮದಿಂದ ಅದು ರಕ್ತಕ್ಕೆ ಸೇರಿ ಮಕ್ಕಳು ಸತ್ತದ್ದೂ ಇದೆ. ಅಮ್ಮನ ಕೈ ಹಿಡಿದುಕೊಂಡೆ. ಅವರಿಗೆ ಹೇಳಿದವರು ಯಾರು ಆಗ? ಅವರೂ ನನ್ನ ಹಾಗೆ ಅಳುವ ಕೂಸನ್ನು ಎತ್ತಿಕೊಂಡು, ಯಾರು ಏನು ಹೇಳಿದರೆ ಅದನ್ನು ಮಾಡಿದವರು.

ಬಟ್ಟೆ ಬಳಸುವವರಿಗೆ ಒಂದು ಮಾತು. ಮೇಣದ ಮುಲಾಮು ಬಟ್ಟೆಗೆ ಅಂಟುತ್ತದೆ, ನಾಲ್ಕಾರು ಒಗೆತದ ನಂತರ ಬಟ್ಟೆ ನೀರು ಹೀರುವುದು ಕಡಿಮೆಯಾಗುತ್ತದೆ. ನಾನು ಒಳಗಡೆ ಹಳೇ ಕಾಟನ್ ಸೀರೆಯ ಪಟ್ಟಿ ಇಡುತ್ತೇನೆ, ಅದನ್ನು ಮಾತ್ರ ಬೇರೆ ಬಿಸಿನೀರಿನಲ್ಲಿ ಒಗೆಯುತ್ತೇನೆ. ಸೋಪಿನ ಪುಡಿ ಬಟ್ಟೆಯಲ್ಲಿ ಉಳಿದರೂ ಚರ್ಮ ಕೆಂಪಾಗುತ್ತದೆ, ಒಂದು ನೀರು ಜಾಸ್ತಿ ಜಾಲಾಡಿ.

ಈ ಒಂದು ವರ್ಷದಲ್ಲಿ ಪುಟ್ಟಿಗೆ ಮೂರು ಸಲ ಸಣ್ಣಗೆ ಕೆಂಪಾಯಿತು. ಪ್ರತಿ ಸಲ ಮೊದಲು ಮಡಿಕೆ ಬಿಡಿಸಿ ನೋಡಿದೆ. ಎರಡು ಸಲ ಉಬ್ಬಿನಲ್ಲಿ ಮಾತ್ರ ಇತ್ತು. ಗಾಳಿಗೆ ಬಿಟ್ಟು, ಮುಲಾಮು ಹಚ್ಚಿ, ಎರಡು ದಿನದಲ್ಲಿ ಹೋಯಿತು. ಮೂರನೇ ಸಲ ಮೂರು ದಿನ ಆದರೂ ಇಳಿಯಲಿಲ್ಲ, ಸಣ್ಣ ಕೀವುಗುಳ್ಳೆ ಕಂಡಿತು. ಡಬ್ಬಿ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋದೆ. ಚರ್ಮ ಒಡೆದು ನೀರು ಸೋರಿದರೂ, ಜ್ವರ ಬಂದರೂ ಕಾಯುವುದಿಲ್ಲ ಅಂತ ನಮ್ಮವರಿಗೂ ಹೇಳಿಟ್ಟಿದ್ದೇನೆ.

ಈ ವರ್ಷ ಮಳೆ ಶುರುವಾಗುವ ಮುಂಚೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದರು. ಎದ್ದು ಓಡಾಡುವವರೆಗೆ ಡೈಪರ್. ಒಂದು ವಾರಕ್ಕೆ ಅಮ್ಮ ಫೋನ್ ಮಾಡಿ, ಅಜ್ಜಿಗೂ ಹಾಗೇ ಕೆಂಪಾಗಿದೆ, ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ ಅಂದರು. ಮಾರನೇ ದಿನವೇ ಹೊರಟೆ. ಆಸ್ಪತ್ರೆಯ ನರ್ಸ್ ಬಂದು ನೋಡಿ, ಗಾಯ ಇಲ್ಲ, ಫಂಗಸ್ ಇಲ್ಲ, ಒದ್ದೆಯದ್ದು ಅಷ್ಟೇ ಅಂದ ಮೇಲೆ ಡಬ್ಬಿ ತೆಗೆದೆ. ಮಗ್ಗುಲಿಗೆ ತಿರುಗಿಸಿ, ತೊಳೆದು, ಒತ್ತಿ ಒರೆಸಿ, ಬೀಸಣಿಗೆಯಿಂದ ಗಾಳಿ ಹಾಕಿ ಒಣಗಿಸಿದೆ. ಚಮಚದಲ್ಲಿ ಮುಲಾಮು ತೆಗೆದುಕೊಂಡು ಬೆರಳಿನಿಂದ ಮೆಲ್ಲಗೆ ಸವರಿದೆ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ವಾಸನೆಯಲ್ಲೇ ಗುರುತು ಹಿಡಿದರು.

"ಬಾವಿಕಟ್ಟೆ ಗರಿಕೆಯೇನೇ?"

"ಹೌದು ಅಜ್ಜಿ."

"ಬತ್ತಿ ಹಿಡಿದು ನೋಡಿದ್ಯಾ?"

"ನೋಡಿದೀನಿ."

"ಮತ್ತೆ ಇಷ್ಟು ತೆಳ್ಳಗೆ ಎಂತಕ್ಕೆ ಹಚ್ತೀಯ? ಕೈತುಂಬ ತಗೋ."

ಚಾಪೆಯ ಮೇಲೆ ಆಡುತ್ತಿದ್ದ ಪುಟ್ಟಿ ಎದ್ದು ಬಂದು ಮುಚ್ಚಳ ಎತ್ತಿ ನನ್ನ ಕೈಗೆ ಕೊಟ್ಟಳು. ನಾನು ಇನ್ನೊಂದು ಚಮಚ ತೆಗೆದುಕೊಂಡೆ.